ಸಾರ್ವಜನಿಕರ ಸಹಾಯದಿಂದ ಏರು ಹತ್ತಿದ ಕಾರು

ವಾಹನಗಳ ನೋಂದಣಿ ಪುಸ್ತಕಕ್ಕೆ ಸಹಿ ಹಾಕುವ ಸಾರಿಗೆ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಬೈಲಹೊಂಗಲದ ಒಂದು ಹತ್ತಿ ಗೋದಾಮಿನಲ್ಲಿ, ಕೆಂಪು ಬಣ್ಣದ ಕಾರೊಂದು ಯಾರೂ ದಬ್ಬದೆ, ಮೊದಲನೆಯ ಯತ್ನಕ್ಕೇ, ಸ್ವಂತ ಬಲದಿಂದ ಚಾಲೂ ಆಯಿತೆಂಬುದನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಸಮಸ್ತ ಜನತೆಗೆ ಈ ಬಹಿರಂಗ ಪತ್ರದ ಮೂಲಕ ಘೋಷಿಸುತ್ತಿದ್ದೇನೆ. ಬೇರೆ ಸೀಮೆಯವರಿಗೆ ಇದು ಸುದ್ದಿಯೇ ಅಲ್ಲ. ಕಾರು ಇರುವುದೇ ಚಾಲೂ ಆಗಲಿಕ್ಕೆ ಎಂದು ನಂಬಿಕೊಂಡು ಬೆಳೆದವರು ಅವರು. ಆದರೆ ಈ ನಾಲ್ಕು ತಾಲೂಕುಗಳಲ್ಲಿ ಆ ಕಾರನ್ನು ಒಮ್ಮೆಯಾದರೂ ಹಿಂದಿನಿಂದ ದಬ್ಬದ ಮನೆತನ ಹುಡುಕಿದರೂ ಸಿಗುವುದು ಕಷ್ಟ. ಅವರಿಗೆಲ್ಲ ಇದು ಎಷ್ಟು ದೊಡ್ಡ ಸಮಾಚಾರವೆಂದು ನನಗೆ ಗೊತ್ತಿದೆ.

ಗೊತ್ತಾಗಬೇಕಾದ ತಮ್ಮ ಕಚೇರಿಗೆ ಮಾತ್ರ ಗೊತ್ತಾಗುತ್ತಿಲ್ಲ. ಆ ಕಾರಿಗೆ ಕೂಡಿಸುವ ಹೊಸ ಎಂಜಿನ್ನನ್ನು ನೋಂದಣಿ ಪುಸ್ತಕದಲ್ಲಿ ಬರೆದುಕೊಡಿರೆಂದು ಮೊದಲ ಅರ್ಜಿ ಹಾಕಿ ಹನ್ನೊಂದು ತಿಂಗಳಾಯಿತು. ಎಮ್ಮೆಯಾದರೂ ಹತ್ತು ತಿಂಗಳಿಗೆ ಈಯುತ್ತದೆ, ಮಾನ್ಯರೇ.

ಕಾರು ನನ್ನ ಸೋದರಮಾವ ಮಹಾಂತಪ್ಪನವರದು. ಹತ್ತಿ ವ್ಯಾಪಾರಿ, ವಯಸ್ಸು ಅರವತ್ತೊಂಬತ್ತು. ಇಪ್ಪತ್ನಾಲ್ಕು ವರ್ಷದ ಹಿಂದೆ ಹತ್ತಿಗೆ ಒಳ್ಳೆಯ ದರ ಬಂದು ಅದು ತಲೆಗೂ ಏರಿದ ಒಂದು ವಾರ, ಟ್ರ್ಯಾಕ್ಟರ್ ತರುತ್ತೇನೆಂದು ಮನೆಯಿಂದ ಹೊರಟ ಮಾವ ಎರಡೇ ಬಾಗಿಲಿನ, ಎರಡೇ ಸೀಟಿನ, ಬಟ್ಟೆಯ ಟಪ್ಪು ಮಡಚಿಟ್ಟರೆ ತಲೆಯ ಮೇಲೆ ಆಕಾಶವೇ ಗತಿಯಾಗುವ ಸ್ಪೋರ್ಟ್ಸ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು. ನೋಡಲು ಬಾಣ. ಬಾನೆಟ್ಟಿನ ಒಳಗಿದ್ದ ಎಂಜಿನ್ ಮಾತ್ರ ಹೊಲಿಗೆ ಮಷೀನಿಗೆ ಅಣ್ಣ ಅನ್ನುವಂತಿತ್ತು. ಅರವತ್ತು ಕುದುರೆಗಳ ಶಕ್ತಿಯೆಂದು ಪುಸ್ತಕದಲ್ಲಿ ಬರೆದಿತ್ತು. ಅದರಲ್ಲಿ ಅರ್ಧ ಕುದುರೆಗಳು ಯಾವಾಗಲೂ ರಜೆಯ ಮೇಲಿರುತ್ತಿದ್ದವು. ಸಪಾಟು ರಸ್ತೆಯಲ್ಲಿ ಕಾರು ಬಹಳ ಠೀವಿಯಿಂದ ಹೋಗುತ್ತಿತ್ತು. ಏರು ಬಂತೆಂದರೆ ನಿಲ್ಲುತ್ತಿತ್ತು. ನಿಂತಿತೆಂದರೆ ಹೊಲದಲ್ಲಿದ್ದವರು ಕುಡುಗೋಲು ಕೆಳಗಿಟ್ಟು ಬರುತ್ತಿದ್ದರು. ಸಾಲಿ ಮಾಸ್ತರರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಬರುತ್ತಿದ್ದರು. ದೇಗಾಂವದ ಹತ್ತಿರ ಒಮ್ಮೆ ಕಂಡಕ್ಟರರೊಬ್ಬರು ಸೀಟಿ ಊದಿ ಇಡೀ ಬಸ್ಸನ್ನೇ ಕೆಳಗಿಳಿಸಿದ್ದುಂಟು. ನಾನಂತೂ ಅದರ ಖಾಯಂ ನೌಕರ. ಹಿಂಬದಿಯ ಎಡಗಡೆ ದೀಪದ ಪಕ್ಕ ನನ್ನ ಅಂಗೈಯ ಜಾಗ ಸವೆದು ಬಣ್ಣ ಹೋಗಿದೆ.

ಕಾರು ಬಂದ ವಾರವೇ ಮಾವ ಸೋಮವ್ವ ಅತ್ತೆಯನ್ನು ಕೂಡಿಸಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೊರಟರು. ಅರ್ಧ ಗುಡ್ಡಕ್ಕೆ ಕಾರು ನಿಂತಿತು. ಅವತ್ತು ದಬ್ಬಲಿಕ್ಕೆ ಯಾರೂ ಇರಲಿಲ್ಲ. ಹೊಸ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ಅತ್ತೆಯೇ ದಬ್ಬಿದರು. ಆ ಹೊತ್ತಿಗೆ ಸರಿಯಾಗಿ ಚಚಡಿಯ ಬೀಗರು ಜೀಪಿನಲ್ಲಿ ಹಾದುಹೋದರು, ಹೋಗುವಾಗ ಕೈಯನ್ನೂ ಬೀಸಿದರು. ಗುಡ್ಡದ ಮೇಲೆ ಮುಟ್ಟಿದ ಅತ್ತೆ ಸೆರಗು ಬಿಚ್ಚಿ ಬೆವರು ಒರೆಸಿಕೊಂಡು ಹೇಳಿದ ಮಾತನ್ನು ನಮ್ಮ ಮನೆಯಲ್ಲಿ ಈಗಲೂ ಯಾರೂ ಮರೆತಿಲ್ಲ.

"ನಾ ದಬ್ಬಕೋಂತ ಬಂದೆ, ನೀವು ಕುಂತಕೊಂಡ ಬಂದ್ರಿ. ಇದು ಯಾರೂ ದಬ್ಬಲಾರದನ ಈ ಗುಡ್ಡಾ ಹತ್ತಿದ ದಿನಾ ನಾ ಇದರಾಗ ಕುಂಡ್ರತೇನಿ. ಅಲ್ಲೀತನಾ ನನಗ ಬಸ್ ಐತಿ."

ಅವತ್ತು ಬಸ್ಸಿಗೇ ವಾಪಸು ಬಂದರು. ಇಪ್ಪತ್ನಾಲ್ಕು ವರ್ಷ ಅವರು ಬಸ್ಸಿನಲ್ಲೇ ಓಡಾಡಿದ್ದಾರೆ. ಮದುವೆಗೆ, ಮುಂಜಿಗೆ, ಆಸ್ಪತ್ರೆಗೆ ಮಾವ ಕಾರಿನಲ್ಲಿ ಮುಂದೆ, ಅತ್ತೆ ಬಸ್ಸಿನಲ್ಲಿ ಹಿಂದೆ. ಏರು ದಾರಿ ಇದ್ದರೆ ಅತ್ತೆ ಮುಂದೆ. ಕಾರಿನ ಎಡಗಡೆ ಸೀಟಿನಲ್ಲಿ ಹತ್ತಿ ಮಾದರಿಯ ಚೀಲಗಳು ಕೂತು ಓಡಾಡಿದವು.

ಈಗ ಅವಸರವೇಕೆ ಎಂದು ತಾವು ಕೇಳಬಹುದು. ಮಾವನ ಲೈಸನ್ಸು ಬರುವ ತಿಂಗಳು ಹದಿನೆಂಟಕ್ಕೆ ಮುಗಿಯುತ್ತದೆ. ಕಣ್ಣಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ: "ಸದ್ಯಕ ಹಗಲಿನ್ಯಾಗ ಓಡಸಾಕ ಅಡ್ಡಿ ಇಲ್ರಿ. ಮುಂದಿನ ಸಲದ ಕಾಗದಕ್ಕ ನಾ ಸಹಿ ಮಾಡೂದಿಲ್ಲ, ಈಗ ಹೇಳಿರತೇನಿ." ಡಾಕ್ಟರು ಸರಿ. ಮಾವನೂ ಒಪ್ಪಿದ್ದಾರೆ. ಆದರೆ ಅಷ್ಟರೊಳಗೆ ಒಂದೇ ಒಂದು ಸಲ ಆ ಗುಡ್ಡ ಹತ್ತಬೇಕು, ಎಡಗಡೆ ಚೀಲದ ಬದಲು ಅತ್ತೆ ಕೂತಿರಬೇಕು. ಬೇರೆ ಯಾರಾದರೂ ಓಡಿಸಬಹುದಲ್ಲ ಎಂದು ತಮ್ಮ ಕಚೇರಿಯ ಒಬ್ಬರು ಸಲಹೆ ಕೊಟ್ಟರು. ಇರುವುದು ಎರಡೇ ಸೀಟು, ಮಾನ್ಯರೇ. ಒಂದರಲ್ಲಿ ಡ್ರೈವರ್, ಇನ್ನೊಂದರಲ್ಲಿ ಅತ್ತೆ ಕೂತರೆ ಮಾವನಿಗೆ ಉಳಿಯುವುದು ಹಿಂದಿನಿಂದ ದಬ್ಬುವ ಕೆಲಸ ಮಾತ್ರ.

ಹಾಗಾಗಿ ಮಾವ ಶಟ್ಟೆಪ್ಪ ಮಿಸ್ತ್ರಿಯ ಗ್ಯಾರೇಜಿಗೆ ಹೋದರು. ಶಟ್ಟೆಪ್ಪ ಎರಡು ತಿಂಗಳು ಬರೀ ಬ್ರೇಕು ಬಿಚ್ಚಿದ, ಬ್ರೇಕು ಬದಲಿಸಿದ. ಮಾವನಿಗೆ ತಾಳ್ಮೆ ತಪ್ಪಿತು.

"ಎಂಜಿನ್ ಎಲ್ಲೋ ಶಟ್ಟೆಪ್ಪಾ?"

"ಮದ್ಲ ನಿಂದ್ರೂದು ಕಲೀಲಿ ಸಾವ್ಕಾರ್ರ. ಓಡೂದು ಆಮ್ಯಾಲ."

"ನಿಂದ್ರೂದು ಇದಕ್ಕ ಯಾರೂ ಕಲಸಬೇಕಾಗಿಲ್ಲೋ. ಅದರಾಗ ಇದು ಡಿಗ್ರಿ ಮಾಡೇತಿ."

ಆಮೇಲೆ ಹುಬ್ಬಳ್ಳಿಯ ಗುಜರಿಯಿಂದ ಅಪಘಾತವಾದ ದೊಡ್ಡ ಕಾರಿನ ಎಂಜಿನ್ ಬಂತು. ಶಟ್ಟೆಪ್ಪ ಅದನ್ನು ಕೊನೆಯ ಬೋಲ್ಟಿನವರೆಗೆ ಬಿಚ್ಚಿದ. ಸವೆದ ಸಿಲಿಂಡರುಗಳಿಗೆ ಬೋರು ಹೊಡೆಸಿ ಹೊಸ ಪಿಸ್ಟನ್ ಹಾಕಿಸಿದ. ಕ್ರ್ಯಾಂಕನ್ನು ಬೆಳಗಾವಿಯ ಉದ್ಯಮಬಾಗಕ್ಕೆ ಒಯ್ದು, ತಿರುಗುವಾಗ ಒಂದು ಕೂದಲೆಳೆಯಷ್ಟೂ ತೊನೆಯದ ಹಾಗೆ ಸಮತೂಕ ಮಾಡಿಸಿದ. ಎಂಜಿನ್ನಿನೊಳಗೆ ಗಾಳಿ ಓಡಾಡುವ ದಾರಿಗಳನ್ನು ತಾನೇ ಕೂತು ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ನೂರಾಹತ್ತು ಕುದುರೆಗಳು ತಯಾರಾದವು. ಆದರೆ ಹೊಸ ಎಂಜಿನ್ ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದ, ಮೂರು ಬೆರಳು ಎತ್ತರ. ರೇಡಿಯೇಟರ್ ಮುಂದಕ್ಕೆ ಸರಿಯಿತು, ಎಂಜಿನ್ ಕೂರುವ ಕಟ್ಟುಗಳನ್ನು ಹೊಸದಾಗಿ ಬೆಸುಗೆ ಹಾಕಿದ್ದಾಯಿತು, ಬಾನೆಟ್ ಮಾತ್ರ ಮುಚ್ಚಲಿಲ್ಲ. ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಡಬ್ಬಿ ಕಟ್ಟುವವನನ್ನು ಕರೆಸಿ ನಡುವೆ ತಗಡು ಉಬ್ಬಿಸಿದರು. ಕಾರು ಗೋದಾಮಿಗೆ ಬಂದ ದಿನ ಅತ್ತೆ ಆ ಉಬ್ಬನ್ನು ಬಹಳ ಹೊತ್ತು ನೋಡಿದರು.

"ಎಷ್ಟ ತಿಂಗಳಂತ?"

"ದಿನಾ ತುಂಬ್ಯಾವ," ಅಂದರು ಮಾವ. "ಹೆರಿಗಿ ಮಾಡಸಾವ್ರು ಸಾಹೇಬ್ರು."

ನಿಯಮವನ್ನು ನಾವು ಎಲ್ಲೂ ಮುರಿದಿಲ್ಲ. ಕೆಲಸ ಶುರುವಾಗುವ ಮೊದಲೇ ಅನುಮತಿಗೆ ಅರ್ಜಿ ಹಾಕಿದೆವು. ಅದರಲ್ಲಿ 'ಬದಲಾವಣೆಗೆ ಕಾರಣ' ಎಂಬ ಒಂದು ಕಲಂ ಇತ್ತು. ಮಾವ ಸತ್ಯವಂತರು, 'ಹೆಂಡತಿ' ಎಂದು ಬರೆದರು. ಕಾರಣ ಸ್ಪಷ್ಟವಾಗಿಲ್ಲವೆಂದು ಅರ್ಜಿ ವಾಪಸು ಬಂತು. ತಮ್ಮ ಕಚೇರಿಯಲ್ಲಿ ಎಲ್ಲರೂ ಬ್ರಹ್ಮಚಾರಿಗಳೇ? ಇದಕ್ಕಿಂತ ಸ್ಪಷ್ಟ ಕಾರಣವನ್ನು ಗೃಹಸ್ಥನೊಬ್ಬ ಹೇಗೆ ಕೊಟ್ಟಾನು? ಕಡೆಗೆ 'ಏರು' ಎಂದು ತಿದ್ದಿ ಬರೆದ ಮೇಲೆ ಅನುಮತಿ ಬಂತು.

ಎರಡನೆಯ ಆಕ್ಷೇಪಣೆ ಎಂಜಿನ್ ನಂಬರಿನದು. ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ತಮ್ಮ ಪದ್ಧತಿ. ಗುಮಾಸ್ತರು ಉಜ್ಜಿದರು. ಹಾಳೆಯ ಮೇಲೆ ಮೂಡಿದ್ದು ಮೂರು ಅಡ್ಡಗೆರೆ. ಇದರಲ್ಲಿ ತಪ್ಪು ನಮ್ಮದೇ, ಒಪ್ಪುತ್ತೇನೆ. ದಸರೆಯ ಖಂಡೇಪೂಜೆಯ ದಿನ ಎಂಜಿನ್ನಿಗೆ ವಿಭೂತಿ ಹಚ್ಚುವಾಗ ಶಟ್ಟೆಪ್ಪ, ಇದು ಕಾವಿಗೆ ಉದುರಿಹೋಗುತ್ತದೆ, ದಿನಾ ಯಾರು ಹಚ್ಚುತ್ತಾರೆ ಎಂದು ಬಿಳಿ ಪೇಂಟಿನಲ್ಲೇ ದಪ್ಪಗೆ ಮೂರು ಪಟ್ಟೆ ಎಳೆದುಬಿಟ್ಟಿದ್ದ. ಸಿಕ್ಕ ಸಪಾಟು ಜಾಗದಲ್ಲೇ ಎಳೆದಿದ್ದ. ನಂಬರೂ ಅಲ್ಲೇ ಇತ್ತು. ಅಳಿಸೆಂದರೆ, "ವಿಭೂತಿ ಕೆರದ ಪಾಪಾ ನಾ ಕಟಗೊಳ್ಳೂದಿಲ್ರಿ" ಎಂದು ಕೈ ಕಟ್ಟಿ ಕೂತ. ಕಡೆಗೆ ಪರಿಹಾರ ಬಂದದ್ದು ಕಾರಿನ ಸುದ್ದಿಯೇ ಬೇಡ ಎನ್ನುತ್ತಿದ್ದ ಅತ್ತೆಯಿಂದ.

"ನಂಬರಿಗ್ಯಾಕೋ ವಿಭೂತಿ? ಮದ್ಲ ನಾಕ ಬೆರಳ ಮ್ಯಾಲ ಹೊಸಾದ ಹಚ್ಚು, ಆಮ್ಯಾಲ ಇದನ್ನ ತಗಿ. ಎಂಜಿನ್ ಒಂದ ಗಳಿಗಿನೂ ಬರೇ ಹಣೀಲೆ ಇರಬಾರದು, ಅಷ್ಟ ನೋಡಕೋ."

ಹಾಗೇ ಆಯಿತು. ನಂಬರು ಸಿಕ್ಕಿತು. ಉಳಿದದ್ದು ಏರಿನ ಪರೀಕ್ಷೆ.

ಆ ದಿನ ತಮ್ಮ ನಿರೀಕ್ಷಕರು ಸವದತ್ತಿ ಕಡೆಯ ಒಂದು ಏರನ್ನು ಆರಿಸಿಕೊಂಡರು. ಎಡಗಡೆ ಸೀಟಿನಲ್ಲಿ ಅವರು, ಸ್ಟಿಯರಿಂಗ್ ಹಿಡಿದು ಮಾವ, ಹಿಂದೆ ಮೋಟರ್ ಸೈಕಲ್ಲಿನಲ್ಲಿ ನಾನು ಮತ್ತು ಶಟ್ಟೆಪ್ಪ. ಕಾರು ಏರನ್ನು ನುಂಗುತ್ತ ಹೋಯಿತು. ನಟ್ಟನಡುವೆ ನಿರೀಕ್ಷಕರು, ಇಲ್ಲಿ ಪೂರಾ ನಿಲ್ಲಿಸಿ, ಹಿಂದೆ ಸರಿಯದೆ ಮತ್ತೆ ಹೊರಡಿ ಎಂದರು. ನ್ಯಾಯವಾದ ಪರೀಕ್ಷೆಯೇ. ಮಾವ ನಿಲ್ಲಿಸಿದರು. ಆದರೆ ಆ ಕಾರು ಏರಿನಲ್ಲಿ ನಿಂತರೆ ನಮ್ಮ ಸೀಮೆಯಲ್ಲಿ ಏನಾಗುತ್ತದೆಂದು ನಿರೀಕ್ಷಕರಿಗೆ ಗೊತ್ತಿರಲಿಲ್ಲ.

ಪಕ್ಕದ ಶೇಂಗಾ ಹೊಲದಲ್ಲಿ ಕಸ ತೆಗೆಯುತ್ತಿದ್ದ ಬಾಯವ್ವ ತಲೆ ಎತ್ತಿದಳು.

"ಏ, ಮಾಂತಪ್ಪ ಸಾವ್ಕಾರ್ರ ಗಾಡಿ ನಿಂತೈತಿ. ಬರ್ರೆ ಲಗೂನ."

ಹನ್ನೊಂದು ಮಂದಿ ಬದು ಹಾರಿ ಬಂದರು. ಮಾವ ಹೊರಳಿ ಕೂಗಿದರು, "ಬ್ಯಾಡವಾ ಬಾಯವ್ವ, ಬಿಡ್ರಿ."

ತಾವು ಯಾವ ಕಡೆಯವರೋ ತಿಳಿಯದು, ಆದ್ದರಿಂದ ಹೇಳುತ್ತೇನೆ. ನಮ್ಮಲ್ಲಿ ಮೊದಲನೆಯ 'ಬ್ಯಾಡ'ಕ್ಕೆ ಕಿಮ್ಮತ್ತಿಲ್ಲ. ಉಂಡವರು ರೊಟ್ಟಿ ಬೇಡ ಎಂದರೆ ಒಂದು ಹಾಕುತ್ತೇವೆ, ಕೈ ಅಡ್ಡ ಹಿಡಿದು ಬೇಡ ಎಂದರೆ ಎರಡು ಹಾಕುತ್ತೇವೆ. ಬಂದವರು ಚಾ ಒಲ್ಲೆ ಎಂದ ಕೂಡಲೇ ಸುಮ್ಮನಾಗುವವರನ್ನು ನಾವು ಮನುಷ್ಯರೆಂದು ಎಣಿಸುವುದಿಲ್ಲ. ಮಾವ ಎಷ್ಟು ಜೋರಾಗಿ ಬೇಡ ಎಂದರೋ ಬಾಯವ್ವನ ಮರ್ಯಾದೆ ಅಷ್ಟು ಜೋರಾಯಿತು.

"ಇರಲಿ ಬಿಡ್ರಿ ಸಾವ್ಕಾರ್ರ. ನಿಮ್ಮ ಗಾಡಿ ನಾವು ಇವತ್ತ ನಿನ್ನಿ ದಬ್ಬಾಕ ಹತ್ತೇವೇನು?"

ಹನ್ನೊಂದು ಜೊತೆ ಕೈ ಕಾರಿನ ಬೆನ್ನಿಗೆ ಬಿದ್ದವು. ಅದೇ ಹೊತ್ತಿಗೆ ಮಾವ ಕ್ಲಚ್ ಬಿಟ್ಟರು. ನೂರಾಹತ್ತು ಕುದುರೆಗಳು ಒಮ್ಮೆಲೇ ಎದ್ದು ಓಡಿದವು. ಕೈಗಳು ಗಾಳಿಯಲ್ಲೇ ಉಳಿದವು, ಸುನೀಲನೆಂಬ ಗಟ್ಟಿಮುಟ್ಟಾದ ಯುವಕ ಧೂಳಿನಲ್ಲಿ ಬೋರಲು ಬಿದ್ದ. ಬಾಯವ್ವ ತನ್ನ ಅಂಗೈಗಳನ್ನು ಹಿಂದೆ ಮುಂದೆ ಮಾಡಿ ನೋಡಿಕೊಂಡಳು.

"ಈ ಸಲ ಭಾಳ ಹಗೂರ ಹೋತ ನೋಡ."

ನಿರೀಕ್ಷಕರು ಮೇಲಿನಿಂದ ನಡೆದು ಬಂದು, ನೀವು ತಳ್ಳಿದಿರಾ ಎಂದು ಕೇಳಿದರು.

"ಹೌದ್ರಿ ಸಾಹೇಬ್ರ, ನಾವ ದಬ್ಬೇವಿ. ಇಪ್ಪತ್ತ ವರ್ಷ ಆತು, ನಾವ ದಬ್ಬತೇವಿ. ಬೇಕಾದ್ರ ಬರಕೊಳ್ರಿ."

ಅವರು ಬರೆದುಕೊಂಡರು. ಶಟ್ಟೆಪ್ಪ ಮೈಲುಗಲ್ಲಿನ ಮೇಲೆ ಕೂತು ತಲೆಗೆ ಟಾವೆಲ್ ಹೊದ್ದುಕೊಂಡ. "ನೂರಾಹತ್ತ ಕುದರಿ ತಂದ ಕಟ್ಟೇನ್ರಿ. ಹೆಸರ ಮಾತ್ರ ಬಾಯವ್ವಂದ ಆತು."

ತಮ್ಮ ನಿರೀಕ್ಷಕರು ಪ್ರಾಮಾಣಿಕರು. ನಮ್ಮ ಚಹವನ್ನೂ ಮುಟ್ಟಲಿಲ್ಲ, ಮೂರು ಸಲ ಬೇಡ ಎಂದರು. ಅವರ ವರದಿ ನನ್ನ ಮುಂದಿದೆ: 'ಎಂಜಿನ್ ಚಾಲನೆಯಲ್ಲಿದ್ದಾಗ್ಯೂ ವಾಹನವು ಸಾರ್ವಜನಿಕರ ಸಹಾಯದಿಂದ ಏರನ್ನು ಹತ್ತಿರುತ್ತದೆ.' ಮರುಪರೀಕ್ಷೆಗೆ ಸರದಿಯ ಪ್ರಕಾರ ಬರುವ ತಿಂಗಳು ಇಪ್ಪತ್ತೇಳನೆಯ ತಾರೀಖು ಕೊಟ್ಟಿದ್ದಾರೆ. ಲೈಸನ್ಸು ಮುಗಿದು ಒಂಬತ್ತು ದಿನದ ಮೇಲೆ.

ಈಗ ನಾನು ಕೇಳುವುದಿಷ್ಟು. ನಿಂತ ಕಾರು ಹಾಗೆ ಬಾಣದಂತೆ ಹೋದದ್ದು ಹನ್ನೊಂದು ಮಂದಿಯ ಕೈಬಲದಿಂದ ಎಂದಾದರೆ, ಪುಸ್ತಕದಲ್ಲಿ ಎಂಜಿನ್ನಿನ ಜಾಗದಲ್ಲಿ ಬಾಯವ್ವನ ಹೆಸರು ಬರೆಯುವಿರಾ? ಆಕೆಯ ನಂಬರನ್ನು ಎಲ್ಲಿ ಪೆನ್ಸಿಲ್ ಉಜ್ಜಿ ತೆಗೆಯುವಿರಿ? ಸಾರ್ವಜನಿಕರ ಸಹಾಯದಿಂದ ಚಲಿಸುವುದೇ ದೋಷವಾದರೆ, ನಮ್ಮ ಕಡತ ಈ ಹನ್ನೊಂದು ತಿಂಗಳಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಯಾರ ಸಹಾಯದಿಂದ ಚಲಿಸಿತು? ಒಂಬತ್ತು ಸಲ ನಾನೇ ಬಂದು ದಬ್ಬಿದ್ದೇನೆ. ಆ ಕಡತದ ಯೋಗ್ಯತೆಯನ್ನು ಯಾರಾದರೂ ಏರಿನಲ್ಲಿ ನಿಲ್ಲಿಸಿ ಪರೀಕ್ಷಿಸಿದ್ದಾರೆಯೇ?

ತಮಾಷೆ ಸಾಕು. ಕಾರು ಈಗ ಗೋದಾಮಿನಲ್ಲಿದೆ. ಕಾಗದ ಆಗದೆ ರಸ್ತೆಗೆ ಇಳಿಸುವುದಿಲ್ಲವೆಂದು ಮಾವ ಹಟ ಹಿಡಿದಿದ್ದಾರೆ. ದಿನಾ ಬೆಳಿಗ್ಗೆ ಬಾಗಿಲು ತೆರೆದಿಟ್ಟು, ಕಾರು ಚಾಲೂ ಮಾಡಿ, ಹತ್ತು ನಿಮಿಷ ಅದರಲ್ಲಿ ಕೂತು ಸಪ್ಪಳ ಕೇಳುತ್ತಾರೆ. ಅತ್ತೆ ಚಹ ತಂದು ಹೊರಗಿನಿಂದಲೇ ಕೈಗೆ ಕೊಟ್ಟು ಹೋಗುತ್ತಾರೆ. ಕಳೆದ ಸೋಮವಾರ ನಾನೂ ಅಲ್ಲಿದ್ದೆ. ಎಡಗಡೆ ಸೀಟಿನಲ್ಲಿ ಹತ್ತಿ ಚೀಲಗಳಿರಲಿಲ್ಲ. ಅವುಗಳ ಜಾಗದಲ್ಲಿ ಸೀಟಿನ ಅಳತೆಗೆ ಸರಿಯಾಗಿ ಹೊಲಿದ ಸಣ್ಣ ಕೌದಿ ಇತ್ತು. ಹಳೆಯ ಇಳಕಲ್ ಸೀರೆಯ ತುಂಡುಗಳದು. ಇದೇನು ಅತ್ತಿ ಎಂದೆ.

"ಧೂಳಾ ಕುಂಡ್ರತೈತಿ ಅಂತ ಹಾಸೇನಿ," ಎಂದು ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದರು.

ಆದ್ದರಿಂದ, ಮಾನ್ಯರೇ, ಮರುಪರೀಕ್ಷೆಯನ್ನು ಹದಿನೆಂಟರ ಒಳಗಿನ ಯಾವುದಾದರೂ ಒಂದು ಹಗಲಿಗೆ ತರಬೇಕು. ಏರನ್ನು ತಾವೇ ಆರಿಸಿ, ಎಷ್ಟು ಕಡಿದಾದರೂ ಸೈ. ಪಾಸಾದರೆ ಅವತ್ತೇ ಪುಸ್ತಕಕ್ಕೆ ಸಹಿ ಹಾಕಬೇಕು. ನಪಾಸಾದರೆ ಕಾರನ್ನು ವಾಪಸು ಗೋದಾಮಿನವರೆಗೆ ದಬ್ಬಿಕೊಂಡು ಹೋಗುವ ಜವಾಬ್ದಾರಿ ನನ್ನದು, ಅನುಭವ ಇದೆ.

ಇಂತಿ,
ಇಪ್ಪತ್ನಾಲ್ಕು ವರ್ಷ ಆ ಕಾರಿನ ಎಡಗಡೆ ಹಿಂದಿನ ದೀಪವನ್ನಷ್ಟೇ ಹತ್ತಿರದಿಂದ ಕಂಡಿರುವ ಅಳಿಯ,
ಸುಭಾಸ
ಬೈಲಹೊಂಗಲ

ತಾ.ಕ.: ಇದನ್ನು ಓದುತ್ತಿರುವ ನಾಲ್ಕೂ ತಾಲೂಕಿನ ಬಂಧುಗಳಲ್ಲಿ ಒಂದು ಸಣ್ಣ ವಿನಂತಿ. ಅಧಿಕಾರಿಗಳ ಮನಸ್ಸು ಕರಗಿದರೆ, ಹದಿನೆಂಟರೊಳಗೆ ಒಂದು ಬೆಳಿಗ್ಗೆ ಉಬ್ಬಿದ ಬಾನೆಟ್ಟಿನ ಕೆಂಪು ಕಾರೊಂದು ಯಲ್ಲಮ್ಮನ ಗುಡ್ಡ ಹತ್ತುತ್ತದೆ. ಒಳಗೆ ಇಬ್ಬರು ಇರುತ್ತಾರೆ. ಅರ್ಧ ದಾರಿಯಲ್ಲಿ ಅದು ನಿಲ್ಲಲೂಬಹುದು. ಇಪ್ಪತ್ನಾಲ್ಕು ವರ್ಷದ ಹಿಂದೆ ಯಾವ ಜಾಗದಲ್ಲಿ ಇಳಿದಿದ್ದೆನೆಂದು ಅತ್ತೆ ತೋರಿಸದೆ ಬಿಡುವುದಿಲ್ಲ. ನಿಂತರೆ ನಿಲ್ಲಲಿ. ಅವತ್ತಿನ 'ಬ್ಯಾಡ' ಮೊದಲನೆಯ ಸಲಕ್ಕೇ ಖರೆ. ಬಾಯವ್ವ ಕೈಯಲ್ಲಿ ಕುಡುಗೋಲು ಹಿಡಿದೇ ನಿಂತಿರುತ್ತೇನೆಂದು ಮಾತು ಕೊಟ್ಟಿದ್ದಾಳೆ. ನೀವೂ ಆ ದಾರಿಯಲ್ಲಿದ್ದರೆ, ಕಾರು ಕಣ್ಣಿಗೆ ಮರೆಯಾಗುವವರೆಗೆ ದಯವಿಟ್ಟು ಎರಡೂ ಕೈ ಕಿಸೆಯಲ್ಲಿಟ್ಟುಕೊಂಡಿರಿ.