ಕ್ಯಾಪ್ಟನ್ ಯಾನ್‌ನ ಹೆಂಡತಿ

ಮಾರ್ಚ್ ೧೪, ಶುಕ್ರವಾರ. ಹೌನ್ಸ್ಲೋ, ಲಂಡನ್.

ಕ್ಯಾಪ್ಟನ್ ಯಾನ್ ತಲೆಯಿಂದ ಇಳಿಯುತ್ತಲೇ ಇಲ್ಲ. ನಾನು ಸ್ಕ್ಯಾನ್ ಮಾಡುವ ಹಳೆಯ ಕೋರ್ಟು ಕಾಗದಗಳಲ್ಲಿ ಸಿಕ್ಕವನು. ೧೬೬೫ರಲ್ಲಿ, ಶತ್ರುಗಳ ಹಡಗು ಹಿಡಿಯಲು ರಾಜನ ಪರವಾನಗಿ ಪಡೆದ ಇಂಗ್ಲಿಷ್ ಖಾಸಗಿ ಹಡಗೊಂದು ಅವನನ್ನು ಹಿಡಿಯಿತು. ತನ್ನದು ಹ್ಯಾಂಬರ್ಗಿನ ಹಡಗು, ಶತ್ರು ಡಚ್ಚರದಲ್ಲ ಎಂದು ಅವನ ವಾದ. ಕೋರ್ಟು ಕೇಳಿತು, "ನಿನ್ನ ಹೆಂಡತಿ ಎಲ್ಲಿದ್ದಾಳೆ?" ಹೆಂಡತಿ ಇರುವ ಊರೇ ಗಂಡನ ಊರು ಎಂಬ ಲೆಕ್ಕ. ಮದುವೆಯೇ ಆಗಿಲ್ಲ ಎಂದಿದ್ದರೆ ಉಳಿಯುತ್ತಿದ್ದನೇನೋ. ಅವನು, "ಆಮ್‌ಸ್ಟರ್‌ಡ್ಯಾಮಿನಲ್ಲಿ. ಹೆಸರು ಗ್ರೀಟ್" ಎಂದ. ಡಚ್ಚರ ಊರಿನವನೆಂದಾಯಿತು, ಹಡಗು ಹೋಯಿತು.

ಎಂಥ ಮುದ್ದು ಮನುಷ್ಯ ಅಂತ ಟ್ಯೂಬ್ ರೈಲಿನಲ್ಲಿ ಒಬ್ಬಳೇ ನಗುತ್ತಾ, ಸಮರ್ಥನಿಗೆ ಹೇಳಲು ಮಧ್ಯಾಹ್ನವೇ ಮನೆಗೆ ಓಡಿಬಂದೆ. ಬಾಗಿಲು ತೆರೆದರೆ ಅವನು ವಿಡಿಯೋ ಕಾಲಿನಲ್ಲಿದ್ದ. ಧಾರವಾಡದಿಂದ ಅವನ ಅವ್ವ. ನಮ್ಮ ಮದುವೆಯಾದದ್ದು ಅವರಿಗಿನ್ನೂ ಗೊತ್ತಿಲ್ಲ.

"ಯಾರೋ ಬಂದ್ರಲ್ಲೋ?"

"ಬಾಜೂ ಫ್ಲ್ಯಾಟಿನವ್ರು, ಅವ್ವಾ, ಪಾರ್ಸಲ್ ಕೊಡ್ಲಿಕ್ಕೆ ಬಂದಾರ."

"ಹಂಗs ಕಳಸಬ್ಯಾಡ, ಚಾ ಕುಡಿಸಿ ಕಳಸು."

ಆಮೇಲೆ ಅವನು ನಿಜವಾಗಿಯೂ ಚಹಾ ಮಾಡಿಕೊಟ್ಟ. ನನ್ನ ಮುಖ ನೋಡದೆ, "ಇನ್ನೊಂದಿಷ್ಟು ದಿನ ತಡಿ" ಎಂದ. ಕುಡಿದೆ. ಕ್ಯಾಪ್ಟನ್ ಕಥೆ ಹೇಳಲಿಲ್ಲ.

ಅವಳ ಹೆಸರು ಹೇಳಿ ಗಂಡ ಹಡಗು ಕಳೆದುಕೊಂಡನೆಂದು ಗ್ರೀಟ್‌ಗೆ ಯಾರಾದರೂ ತಿಳಿಸಿದರೋ ಇಲ್ಲವೋ. ತಿಳಿದಿದ್ದರೆ ಬೈದಿರಬೇಕು, ಹೊಟ್ಟೆಪಾಡೇ ಹೋಯಿತಲ್ಲ. ನಾನಾಗಿದ್ದರೆ, ಆ ಒಂದು ಮಾತಿಗೆ ಹಡಗು ಹೋದರೂ ಹೋಗಲಿ ಎನ್ನುತ್ತಿದ್ದೆ.