ತೂಕವಾಗದ ಚೀಲ

ಮಂಡಿಪೇಟೆ, ದಾವಣಗೆರೆ
೧೨-೩-೧೯೬೩

ದಾವಣಗೆರೆ-ಹರಿಹರ ವರ್ತಕರ ಸಂಘದ ಅಧ್ಯಕ್ಷ ವಾಮದೇವಪ್ಪನವರಿಗೆ ಬಕ್ಕೇಶಪ್ಪನ ಶರಣು.

ಹಮಾಲರಿಗೆ ಪೆಟ್ಟಾದರೆ ದವಾಖಾನೆ ಖರ್ಚು ಯಾರದೆಂದು ತೀರ್ಮಾನಿಸಲು ಸೋಮವಾರ ಸಭೆ ಕರೆದಿದ್ದೀರಿ. ನಾನು ಬರುವುದಿಲ್ಲ. ಮಾತಿನಲ್ಲಿ ಗೆದ್ದು ಗೆದ್ದು ಸಾಕಾಗಿದೆ.

ಹೋದ ವಾರ ನನ್ನ ಅಂಗಡಿ ಮುಂದೆ ಗಾಡಿಯಿಂದ ಶೇಂಗಾ ಇಳಿಸುವಾಗ ಹಮಾಲ ಏಕಾಂತಪ್ಪ ಜಾರಿದ. ಚೀಲ ಕಾಲ ಮೇಲೆ ಬಿತ್ತು. ದವಾಖಾನೆಗೆ ಒಯ್ಯಲು ಬಾಡಿಗೆ ಕಾರು ತರಿಸಬೇಕು, ದುಡ್ಡು ಯಾರು ಕೊಡಬೇಕು? ಮಾಲು ತಂದಿದ್ದ ಹದಡಿಯ ಉಚ್ಚೆಂಗಪ್ಪ, "ಹಮಾಲ ನಿಮ್ಮ ಅಂಗಡಿಯೋನು, ನೀವೇ ನೋಡ್ಕಳ್ರಿ ಸಾವ್ಕಾರ್ರೆ" ಎಂದ. ನಾನು ಬಿಡುತ್ತೇನೆಯೆ? "ತೂಕ ಆಗಾತನಕ ಮಾಲು ನಿಂದು. ನಿನ್ನ ಮಾಲಿನ ಕೆಳಗೆ ಬಿದ್ದೋನೂ ನಿನ್ನೋನೇ" ಎಂದೆ. ಪೇಟೆಯವರೆಲ್ಲ ತಲೆದೂಗಿದರು. ವಾದ ಒಂದು ಗಂಟೆ ನಡೆಯಿತು. ಏಕಾಂತಪ್ಪ ಬಿಸಿಲಲ್ಲೇ ಇದ್ದ.

ಕಾಲು ತೆಗೆದರು. ಡಾಕ್ಟರು ನನ್ನನ್ನು ಕೇಳಿದ್ದು ಒಂದೇ: "ಯಾಕ್ರಿ ಇಷ್ಟು ತಡ?"

ಸಭೆಗೆ ನನ್ನ ಸಲಹೆ ಇಷ್ಟು. ಚೀಲಕ್ಕೆ ಎರಡು ಪೈಸೆಯಂತೆ ವರ್ತಕರಿಂದ ಈಗಲೇ ಎತ್ತಿಡಿ. ಪೆಟ್ಟಾದ ದಿನ ಮೊದಲು ಕಾರು ಬರಲಿ, ವಾದ ಆಮೇಲೆ. ಯಾರಾದರೂ ತೂಕದ ನ್ಯಾಯ ತೆಗೆದರೆ, ಅದು ಬಕ್ಕೇಶಪ್ಪನ ಮಾತು, ಅವನೇ ವಾಪಸು ತೆಗೆದುಕೊಂಡಿದ್ದಾನೆ ಎನ್ನಿ.

ನಿನ್ನೆ ಏಕಾಂತಪ್ಪನನ್ನು ನೋಡಲು ದವಾಖಾನೆಗೆ ಹೋಗಿದ್ದೆ. ಅವನು ಕಾಲಿನ ಸುದ್ದಿ ಎತ್ತಲಿಲ್ಲ. "ಸಾವ್ಕಾರ್ರೆ, ಆ ಚೀಲ ತೂಕ ಆತೇನ್ರಿ?" ಎಂದ. ಆಗಿರಲಿಲ್ಲ. ತೂಗಿದರೆ ಖರ್ಚು ನನ್ನ ತಲೆಗೆ ಬಂದೀತೆಂದು ಬಾಗಿಲಲ್ಲೇ ಬಿಟ್ಟಿದ್ದೆ.

ಇವತ್ತು ತೂಗಿಸಿ, ಮಾಲನ್ನೂ ದವಾಖಾನೆ ಖರ್ಚನ್ನೂ ನನ್ನ ಲೆಕ್ಕಕ್ಕೆ ಹಾಕಿಕೊಂಡೆ. ಅವನೊಬ್ಬನೇ ಹೊರುತ್ತಿದ್ದ ಚೀಲವನ್ನು ಎತ್ತಲು ಇಬ್ಬರು ಬೇಕಾಯಿತು.

ಇತಿ ನಿಮ್ಮವ,
ಬಕ್ಕೇಶಪ್ಪ