ಅಜ್ಜಿಯ ಮನೆ ನನ್ನ ಹೆಸರಿಗೆ

ನವೆಂಬರ್ 12, ಬುಧವಾರ

ಗಂಡನ ಅಜ್ಜಿ ಮುನಿಯಜ್ಜಿ ಈ ಕುಂದಲಹಳ್ಳಿ ಮನೆಯನ್ನು, ಹಿಂದಿನ ಆರು ಬಾಡಿಗೆ ರೂಮುಗಳ ಸಮೇತ, ನನ್ನ ಹೆಸರಿಗೆ ಉಯಿಲು ಬರೆದುಬಿಟ್ಟಿದ್ದಾರೆ! ನನಗೆ! ಮದುವೆಯಾಗಿ ಇನ್ನೂ ಎರಡೇ ತಿಂಗಳು! ಅಜ್ಜಿಯನ್ನು ತಬ್ಬಿಕೊಂಡು ಕುಣಿದೇಬಿಟ್ಟೆ.

ಆಮೇಲೆ ಅಜ್ಜಿ ಅಂದರು: "ಅನ್ನೊಂದು ವರ್ಸ ನೋಡ್ಕಂಡ ಗೌರಿ, ನೀನು ಬಂದಿದ್ದೇ ತಡ ನನ್ನ ಬುಟ್ಟೋದ್ಲು. ಇನ್ನು ನೀನೇ ದಿಕ್ಕು ಕಣವ್ವ."

ಕುಣಿಯುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಗಂಡ ಮುರಳಿಯ ಅಕ್ಕ ಗೌರಕ್ಕ ಬಿಟ್ಟುಹೋಗಲಿಲ್ಲ, ನಾನೇ ಕಳಿಸಿದೆ. ಮದುವೆಯ ಮೂರನೇ ದಿನ ಅವರು ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. "ಇನ್ಮೇಲೆ ನಾನ್ ನೋಡ್ಕೊಳ್ತೀನಿ ಅಕ್ಕ, ನೀವು ರೆಸ್ಟ್ ತಗೊಳ್ಳಿ" ಎಂದೆ. ಪ್ರೀತಿಯಿಂದಲೇ ಅಂದದ್ದು! ಹೊಸ ಸೊಸೆ ಹಾಗೆಂದರೆ ಮದುವೆಯಾಗದ ಮಗಳು ಈ ಮನೆಯಲ್ಲಿ ಉಳಿಯುವುದಿಲ್ಲ ಎಂದು ನನಗೇನು ಗೊತ್ತು? ಮಾರನೇ ದಿನ ಬೀರುವಿನ ಕೀ ನನ್ನ ಕೈಗಿಟ್ಟು ಬಂಗಾರಪೇಟೆಯ ಚಿಕ್ಕಮ್ಮನ ಮನೆಗೆ ಹೋದರು.

ಸಂಜೆ ಇದನ್ನೆಲ್ಲ ಬಿಡಿಸಿ ಹೇಳಿದ ಮುರಳಿ ನಕ್ಕ: "ಅಜ್ಜಿಗೆ ಹೇಳು. ಇನ್ನೊಂದು ಉಯಿಲು ಬರೀತಾರೆ, ಅಷ್ಟೇ ತಾನೆ?"

ಅಷ್ಟೇ. ಆದರೂ ಊಟದ ಹೊತ್ತಿಗೆ ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಸಾರು ಬಡಿಸಿದೆ. ಮನೆಯ ಆಸೆಯಾ? ಹೌದು, ಸ್ವಲ್ಪ. ಛೀ.

ಉಯಿಲಿನ ವಿಷಯ ಗೌರಕ್ಕನಿಗೆ ಗೊತ್ತೇ ಇಲ್ಲ. ಆಗಲೇ ಫೋನ್ ಮಾಡಿದ್ದರು. "ಅಜ್ಜೀನ ನೋಡ್ಬೇಕು ಅನ್ನಿಸ್ತಿದೆ ಕಣೇ, ಒಂದ್ಸಲ ಬಂದ್ಹೋಗ್ಲಾ?" ಎಂದು ಕೇಳಿದರು. ನನ್ನ ಅಪ್ಪಣೆ ಕೇಳಿದರು, ನನ್ನ! ಬನ್ನಿ ಅಕ್ಕ ಎಂದೆ. ಅವರು ಬರುವಷ್ಟರಲ್ಲಿ ಅಜ್ಜಿಗೆ ಹೇಳಲೇಬೇಕು. ಶನಿವಾರ ಬೆಳಿಗ್ಗೆ, ಹೂಡಿ ಸ್ಟೇಷನ್‌ಗೆ, ಬಂಗಾರಪೇಟೆ ಪ್ಯಾಸೆಂಜರ್‌ನಲ್ಲಿ ಬಂದಿಳಿಯುತ್ತಾರೆ.